ಲೋಬಾಲ್ ಪೋಕರಿನಲ್ಲಿ ಒಂದು ಎಲೆಯ ಬೆಲೆ: ಒಂದು ನಿರ್ಧಾರದೋಷದ ಗಣಿತ ವಿವೇಚನೆ

ಇಸ್ಪೀಟಾಟದ ಹೆಸರನ್ನೆತ್ತಿದೊಡನೆ ವಿದ್ವತ್ಪತ್ರಿಕೆಯ ವಾಚಕರು ಹುಬ್ಬೇರಿಸುವುದು ಸಹಜ. ಆದರೆ ಸಂಭವನೀಯತೆಯ ಶಾಸ್ತ್ರ ಕಣ್ತೆರೆದುದು ಜೂಜಿನ ಮಣೆಯ ಪಕ್ಕದಲ್ಲಿಯೇ ಎಂಬುದನ್ನು ಮರೆಯಲಾಗದು. ಅರ್ಧಕ್ಕೆ ನಿಂತುಹೋದ ಆಟದ ಪಣವನ್ನು ಆಟಗಾರರಲ್ಲಿ ನ್ಯಾಯವಾಗಿ ಹಂಚುವುದು ಹೇಗೆಂಬ ಪ್ರಶ್ನೆಯನ್ನು ಕುರಿತು ಪಾಸ್ಕಲ್ ಮತ್ತು ಫರ್ಮಾ 1654ರಲ್ಲಿ ಪತ್ರವ್ಯವಹಾರ ನಡೆಸಿದರು. 1657ರಲ್ಲಿ ಹೈಗೆನ್ಸ್ ಈ ವಿಷಯವಾಗಿ ಪ್ರಬಂಧವನ್ನು ಪ್ರಕಟಿಸಿದನು. ಮುಂದೆ ಫಾನ್ ನಾಯ್ಮನ್ 1928ರಲ್ಲಿ ಆಟಗಳ ಸಿದ್ಧಾಂತಕ್ಕೆ ತಳಹದಿ ಹಾಕಿ, 1944ರಲ್ಲಿ ಮಾರ್ಗೆನ್‌ಸ್ಟರ್ನ್ ಎಂಬ ಅರ್ಥಶಾಸ್ತ್ರಜ್ಞನೊಡನೆ ಬರೆದ ಗ್ರಂಥದಲ್ಲಿ ಪೋಕರಿಗೆ ವಿಸ್ತಾರವಾದ ಸ್ಥಾನವನ್ನಿತ್ತನು. ಈ ಆಟದ ಒಂದು ಪ್ರಭೇದದಲ್ಲಿ ಸಂಭವಿಸಬಹುದಾದ ಒಂದು ತಪ್ಪು ನಿರ್ಧಾರವನ್ನು ಎತ್ತಿಕೊಂಡು, ಅದರ ಬೆಲೆ ಎಷ್ಟೆಂದು ಲೆಕ್ಕಹಾಕುವುದು ಪ್ರಕೃತ ಲೇಖನದ ಉದ್ದೇಶ.

ಸಾಮಾನ್ಯ ಪೋಕರಿನಲ್ಲಿ ಹಿರಿದಾದ ಕೈ ಗೆಲ್ಲುತ್ತದೆ. ಲೋಬಾಲಿನಲ್ಲಿ ಕಿರಿದಾದ ಕೈ ಗೆಲ್ಲುತ್ತದೆ. ಲಾಸ್ ವೇಗಸ್ ನಗರದಲ್ಲಿ 1970ರಲ್ಲಿ ಆರಂಭವಾದ ವಿಶ್ವ ಪೋಕರ್ ಸರಣಿಯ ಪಂದ್ಯಗಳಲ್ಲಿ ಸ್ಥಾನ ಪಡೆದಿರುವ ಲೋಬಾಲ್ ಪ್ರಭೇದಕ್ಕೆ 'ಎರಡರಿಂದ ಏಳು' ಎಂದು ಹೆಸರು. ಇದರಲ್ಲಿ ಎಕ್ಕವು ಎಲ್ಲಕ್ಕಿಂತ ದೊಡ್ಡ ಎಲೆ. ಜೋಡಿ ಬಂದರೂ, ಐದು ಎಲೆಗಳು ಅನುಕ್ರಮವಾಗಿ ಬಂದರೂ, ಐದೂ ಒಂದೇ ಜಾತಿಯವಾದರೂ ಕೈ ಕೆಡುತ್ತದೆ. ಆದಕಾರಣ 2, 3, 4, 5, 7 ಎಂಬ ಎಲೆಗಳು ಒಂದೇ ಜಾತಿಯವಾಗದೆ ಬಂದರೆ ಅದೇ ಸರ್ವೋತ್ತಮವಾದ ಕೈ. ಎರಡು ಕೈಗಳನ್ನು ಹೋಲಿಸುವಾಗ ಮೊದಲು ಅತಿ ದೊಡ್ಡ ಎಲೆಯನ್ನು ನೋಡಬೇಕು. ಅದು ಸಮವಾದರೆ ಮುಂದಿನದನ್ನು. ಯಾರ ಎಲೆ ಚಿಕ್ಕದೋ ಅವನಿಗೆ ಜಯ. ಪ್ರತಿಯೊಬ್ಬನಿಗೂ ಐದೈದು ಎಲೆಗಳನ್ನು ಹಂಚಿದ ಬಳಿಕ, ಬೇಡವಾದವನ್ನು ಎಸೆದು ಅಷ್ಟೇ ಹೊಸ ಎಲೆಗಳನ್ನು ಪಡೆಯುವ ಅವಕಾಶ ಒಮ್ಮೆ ಮಾತ್ರ ಉಂಟು. ಏನನ್ನೂ ಬದಲಾಯಿಸದೆ ಇದ್ದ ಕೈಯಲ್ಲೇ ನಿಲ್ಲಲೂಬಹುದು.

ಈಗ ಒಂದು ಮಾದರಿ ಸನ್ನಿವೇಶವನ್ನು ಕಲ್ಪಿಸಿಕೊಳ್ಳೋಣ. ಪಂದ್ಯದಲ್ಲಿ ಕ, ಖ, ಗ ಎಂಬ ಮೂವರು ಉಳಿದಿದ್ದಾರೆ. ಮೂವರ ಬಳಿಯೂ ಸಮನಾದ ಬಿಲ್ಲೆಗಳಿವೆ. ಒಟ್ಟು ಬಹುಮಾನವನ್ನು 100 ಎಂದಿಟ್ಟುಕೊಂಡರೆ ಮೊದಲನೆಯವನಿಗೆ 50, ಎರಡನೆಯವನಿಗೆ 30, ಮೂರನೆಯವನಿಗೆ 20. ಗ ಎಂಬಾತನು ಎಲೆಗಳನ್ನು ಕೆಳಗಿಟ್ಟು ಪ್ರೇಕ್ಷಕನಾಗಿದ್ದಾನೆ. ಕ ಮತ್ತು ಖ ತಮ್ಮ ಬಿಲ್ಲೆಗಳನ್ನೆಲ್ಲ ಪಣಕ್ಕೊಡ್ಡಿದ್ದಾರೆ. ಎಲೆ ಬದಲಾಯಿಸುವುದೊಂದೇ ಬಾಕಿ. ಕ-ನ ಕೈಯಲ್ಲಿ 10, 8, 6, 4, 3 ಇವೆ. ಖ-ನು 2, 3, 5, 7 ಇವನ್ನು ಉಳಿಸಿಕೊಂಡು, ರಾಜನನ್ನು ಎಸೆದು, ಒಂದೇ ಎಲೆ ಬೇಕೆಂದು ಮೊದಲೇ ಸಾರಿದ್ದಾನೆ. ಎರಡು ಕೈಗಳಲ್ಲಿಯೂ ಜಾತಿಗಳು ಬೆರೆತಿವೆ. ಕ-ನು ತನ್ನ ಹತ್ತನ್ನು ಉಳಿಸಿಕೊಂಡು ನಿಲ್ಲಬೇಕೆ, ಇಲ್ಲವೆ ಅದನ್ನೆಸೆದು ಉತ್ತಮವಾದುದನ್ನು ಅರಸಬೇಕೆ? ಹತ್ತು ದೊಡ್ಡ ಎಲೆ. ಅದರ ಬದಲು ಎರಡೋ ಐದೋ ಏಳೋ ಬಂದರೆ ಎಂಟರ ಕೈ ಸಿದ್ಧವಾಗುತ್ತದೆ. ಈ ಆಸೆಯಿಂದ ಕ-ನು ಹತ್ತನ್ನು ಎಸೆಯುತ್ತಾನೆ. ನಾವು ಪರೀಕ್ಷಿಸಬೇಕಾದ ತಪ್ಪು ಇದೇ.

ಮೊದಲು, ನಿಂತಿದ್ದರೆ ಏನಾಗುತ್ತಿತ್ತೆಂದು ನೋಡೋಣ. ಐವತ್ತೆರಡು ಎಲೆಗಳಲ್ಲಿ ಕ-ನ ಐದು ಮತ್ತು ಖ-ನ ಐದು ಕಳೆದರೆ 42 ಉಳಿಯುತ್ತವೆ. ಖ-ನಿಗೆ ಜಯ ತರುವ ಎಲೆಗಳು 4, 6, 8, 9, 10 ಮಾತ್ರ. ಇವುಗಳಲ್ಲಿ ಕ-ನು ಈಗಾಗಲೇ ಹಿಡಿದಿರುವವನ್ನು ಬಿಟ್ಟರೆ ಒಂಬತ್ತು ನಾಲ್ಕು, ಉಳಿದವು ಮೂರು ಮೂರು, ಒಟ್ಟು 16. ಆದುದರಿಂದ ಕ-ನು ಗೆಲ್ಲುವ ಸಂಭವನೀಯತೆ 42ರಲ್ಲಿ 26, ಎಂದರೆ ಶೇಕಡಾ 61.9.

ಖ-ನ ಎಲೆಗಳು ಕ-ನಿಗೆ ಕಾಣುವುದಿಲ್ಲವಲ್ಲ ಎಂಬ ಆಕ್ಷೇಪಣೆ ಬರಬಹುದು. ಸಮಾಧಾನ ಸುಲಭವಾದುದು. ಖ-ನು ಒಂದು ಎಲೆಯನ್ನು ಮಾತ್ರ ಕೇಳಿದ್ದಾನೆ. ಎಂದರೆ ಎರಡರಿಂದ ಹತ್ತರವರೆಗಿನ ಒಂಬತ್ತು ಅಂಕಗಳಲ್ಲಿ ನಾಲ್ಕು ಬೇರೆ ಬೇರೆ ಅಂಕಗಳು ಅವನ ಕೈಯಲ್ಲಿವೆಯೆಂದು ಭಾವಿಸಬಹುದು. ಅವನಿಗೆ ನೆರವಾಗಬಲ್ಲ ಅಂಕಗಳು ಮಿಕ್ಕ ಐದು, ಎಲೆಗಳು ಹೆಚ್ಚೆಂದರೆ 20. ಕ-ನ ಐದು ಎಲೆಗಳೂ ಆ ಒಂಬತ್ತು ಅಂಕಗಳಲ್ಲಿಯೇ ಸೇರಿರುವುದರಿಂದ, ಅವುಗಳಲ್ಲಿ ಒಂದಾದರೂ ಈ ಇಪ್ಪತ್ತರೊಳಗಿನದಾಗಿರಲೇಬೇಕು. ಆದ್ದರಿಂದ ಖ-ನ ಅನುಕೂಲದ ಎಲೆಗಳು 42ರಲ್ಲಿ 19ನ್ನು ಎಂದಿಗೂ ಮೀರವು. ಖ-ನ ಕೈ ಎಂತಹುದೇ ಆಗಿರಲಿ, ನಿಂತ ಹತ್ತರ ಕೈಯೇ ಗೆಲ್ಲುವ ಸಂಭವ ಹೆಚ್ಚು. ಈ ಸಾಧನೆಗೆ ಎಣಿಕೆಯ ಹೊರತು ಬೇರೇನೂ ಬೇಕಿಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಇನ್ನು ಕ-ನು ಹತ್ತನ್ನು ಎಸೆದಾಗಿನ ಲೆಕ್ಕ. ಈಗ ಇಬ್ಬರೂ ಒಂದೊಂದು ಎಲೆ ತೆಗೆಯುವುದರಿಂದ ಸಾಧ್ಯವಾದ ಜೋಡಣೆಗಳು 42 × 41, ಅಂದರೆ 1722. ಕ-ನಿಗೆ 2, 5 ಅಥವಾ 7 ಬಂದು ಅವನು ಗೆಲ್ಲುವ ಜೋಡಣೆಗಳು 306. 9 ಅಥವಾ ಬೇರೊಂದು 10 ಬಂದು ಗೆಲ್ಲುವವು 194. ಗುಲಾಮ, ರಾಣಿ, ರಾಜ, ಎಕ್ಕ ಇವುಗಳಲ್ಲೊಂದು ಬಂದರೂ ಖ-ನ ಕೈ ಇನ್ನೂ ಕೆಟ್ಟುದರಿಂದ ಗೆಲ್ಲುವವು 249. ಜೋಡಿಯಾಗಿಯೂ ಗೆಲ್ಲುವವು 39. ಒಟ್ಟು 788; ಶೇಕಡಾ 45.8. ಹೀಗೆ ಒಂದು ಎಲೆಯನ್ನು ಎಸೆದ ಮಾತ್ರದಿಂದ ಗೆಲುವಿನ ಸಂಭವ ನೂರಕ್ಕೆ ಹದಿನಾರರಷ್ಟು ಇಳಿಯಿತು.

ಪಂದ್ಯದಲ್ಲಿ ಈ ನಷ್ಟದ ಬೆಲೆಯನ್ನು ಬಿಲ್ಲೆಗಳಲ್ಲಲ್ಲ, ಬಹುಮಾನದಲ್ಲಿ ಅಳೆಯಬೇಕು. ಮೂವರೂ ಸಮಾನ ಕುಶಲರೆಂದೂ ಬಿಲ್ಲೆಗಳು ಸಮವೆಂದೂ ಇರುವಾಗ ಪ್ರತಿಯೊಬ್ಬನ ನಿರೀಕ್ಷಿತ ಪಾಲು 33.3. ಕ-ನು ಸೋತರೆ ಮೂರನೆಯವನಾಗಿ 20 ಪಡೆದು ಹೊರಡುತ್ತಾನೆ. ಗೆದ್ದರೆ ಮೂರರಲ್ಲಿ ಎರಡು ಪಾಲು ಬಿಲ್ಲೆಗಳು ಅವನವಾಗುತ್ತವೆ. ಸಮಬಲರಾದ ಇಬ್ಬರಲ್ಲಿ ಕೊನೆಗೆ ಗೆಲ್ಲುವ ಸಂಭವವು ಬಿಲ್ಲೆಗಳ ಪ್ರಮಾಣದಲ್ಲಿರುತ್ತದೆಂಬುದು ಪ್ರಸಿದ್ಧವಾದ ಫಲಿತಾಂಶ. ಆದ್ದರಿಂದ ಅವನ ಪಾಲು 50ರ ಮೂರರಲ್ಲೆರಡು ಭಾಗ ಮತ್ತು 30ರ ಮೂರರಲ್ಲೊಂದು ಭಾಗ ಸೇರಿ 43.3. ಬಿಲ್ಲೆಗಳು ಇಮ್ಮಡಿಯಾದರೂ ಪಾಲು ಇಮ್ಮಡಿಯಾಗಲಿಲ್ಲ. ಹತ್ತು ಮಾತ್ರ ಹೆಚ್ಚಿತು. ಸೋತರೆ ಹೋಗುವುದು ಹದಿಮೂರಕ್ಕಿಂತ ಹೆಚ್ಚು. ಆದಕಾರಣ ಇಂತಹ ಪಣದಲ್ಲಿ ನಷ್ಟವಿಲ್ಲದೆ ಉಳಿಯಬೇಕಾದರೆ ಶೇಕಡಾ 50 ಸಾಲದು. 57ಕ್ಕೂ ತುಸು ಮಿಗಿಲಾಗಿ ಸಂಭವನೀಯತೆ ಬೇಕು. ನಿಂತರೆ ಕ-ನ ನಿರೀಕ್ಷಿತ ಪಾಲು 34.4; ಎಸೆದರೆ 30.7. ಒಂದು ತನ್ನ ನ್ಯಾಯವಾದ ಪಾಲಿಗಿಂತ ಮೇಲು, ಇನ್ನೊಂದು ಕೆಳಗೆ. ಲಾಭದ ಪಣವನ್ನು ಒಂದೇ ಎಲೆ ನಷ್ಟದ ಪಣವಾಗಿ ಮಾರ್ಪಡಿಸಿತು.

ಇಂತಹ ತಪ್ಪಿಗೆ ಕಾರಣವೇನು? ಕ-ನು ತನ್ನ ಕೈಯನ್ನು ಸರ್ವೋತ್ತಮವಾದ ಕೈಯೊಡನೆ ಹೋಲಿಸಿದನೇ ಹೊರತು ಎದುರಾಳಿಯ ಕೈಯೊಡನೆ ಹೋಲಿಸಲಿಲ್ಲ. ಖ-ನು ಎಲೆ ಕೇಳಿದ್ದೇ ಒಂದು ಸಾಕ್ಷ್ಯ: ಅವನ ಕೈ ಇನ್ನೂ ಸಿದ್ಧವಾಗಿಲ್ಲ. ಸಾಕ್ಷ್ಯ ಬದಲಾದರೆ ತೀರ್ಮಾನವೂ ಬದಲಾಗಬೇಕು. ಖ-ನು ಏನನ್ನೂ ಕೇಳದೆ 9, 7, 5, 3, 2 ಎಂಬ ಕೈಯಲ್ಲಿ ನಿಂತಿದ್ದನೆನ್ನೋಣ. ಆಗ ಕ-ನ ಹತ್ತಿಗೆ ಗೆಲುವು ಅಸಾಧ್ಯ. ಅದನ್ನೆಸೆದರೆ 2, 5, 7ರ ಒಂಬತ್ತು ಎಲೆಗಳಿಂದ 42ರಲ್ಲಿ 9ರಷ್ಟು ಆಸೆಯಾದರೂ ಉಂಟು. ಕೈ ಅದೇ, ಎಲೆ ಅದೇ. ಒಂದು ಕಡೆ ವಿವೇಕವಾದುದು ಮತ್ತೊಂದು ಕಡೆ ಅವಿವೇಕ.

ಇನ್ನೊಂದು ಅಂಶ ಇದಕ್ಕಿಂತ ಸೂಕ್ಷ್ಮವಾದುದು. ಹತ್ತನ್ನು ಎಸೆದ ಆಟಗಾರನು ನೂರಕ್ಕೆ ನಲವತ್ತಾರು ಸಲ ಗೆಲ್ಲುತ್ತಾನೆ. ಗೆದ್ದಾಗಲೆಲ್ಲ ತಾನು ಮಾಡಿದುದೇ ಸರಿಯೆಂದು ನಂಬುತ್ತಾನೆ. ಫಲವನ್ನು ನೋಡಿ ನಿರ್ಧಾರದ ಗುಣವನ್ನು ಅಳೆಯುವ ಈ ಒಲವನ್ನು ಬ್ಯಾರನ್ ಮತ್ತು ಹರ್ಷಿ ಎಂಬ ಮನಶ್ಶಾಸ್ತ್ರಜ್ಞರು 1988ರಲ್ಲಿ ಪ್ರಯೋಗಗಳಿಂದ ತೋರಿಸಿದರು. ಒಂದೇ ನಿರ್ಧಾರವನ್ನು ಜನರು ಫಲ ಒಳ್ಳೆಯದಾದಾಗ ಹೆಚ್ಚಾಗಿಯೂ ಕೆಟ್ಟದಾದಾಗ ಕಡಮೆಯಾಗಿಯೂ ಮೆಚ್ಚುತ್ತಾರೆ. ಔಷಧವನ್ನು ಆರಿಸುವ ವೈದ್ಯನಿಗೂ ಬಿತ್ತನೆಯ ದಿನವನ್ನು ಗೊತ್ತುಮಾಡುವ ರೈತನಿಗೂ ಈ ಅಪಾಯ ತಪ್ಪಿದ್ದಲ್ಲ. ನಿರ್ಧಾರವನ್ನು ತೂಗಬೇಕಾದುದು ಅದನ್ನು ಕೈಕೊಂಡ ಗಳಿಗೆಯಲ್ಲಿ ತಿಳಿದಿದ್ದ ಸಂಗತಿಗಳಿಂದ. ಅನಂತರ ಬಿದ್ದ ಎಲೆಯಿಂದಲ್ಲ.

ಮಹಾಭಾರತದ ವನಪರ್ವದಲ್ಲಿ, ಜೂಜಿನಲ್ಲಿ ರಾಜ್ಯವನ್ನು ಕಳೆದುಕೊಂಡ ನಳನಿಗೆ ಋತುಪರ್ಣನು ಅಕ್ಷಹೃದಯವನ್ನು ಉಪದೇಶಿಸುವ ಪ್ರಸಂಗವುಂಟಷ್ಟೆ. ಆ ವಿದ್ಯೆಯನ್ನು ಬಲ್ಲ ರಾಜನು ಮೊದಲು ತೋರಿಸಿದುದು ಪಗಡೆಯ ಚಮತ್ಕಾರವನ್ನಲ್ಲ; ತಾರೆಯ ಮರದ ಎಲೆಗಳನ್ನೂ ಕಾಯಿಗಳನ್ನೂ ಎಣಿಸಿ ಹೇಳುವ ಬಲ್ಮೆಯನ್ನು. ನಳನು ಆ ಮಾತನ್ನು ಹಾಗೆಯೇ ಒಪ್ಪದೆ, ರಥದಿಂದಿಳಿದು, ತಾನೇ ಎಣಿಸಿ ನೋಡಿದ ಮೇಲೆ ನಂಬಿದನು. ಮೇಲಿನ 788 ಜೋಡಣೆಗಳನ್ನೂ ವಿದ್ಯಾರ್ಥಿಗಳು ಹಾಗೆಯೇ ತಾವಾಗಿ ಎಣಿಸಿ ನೋಡುವುದು ಯುಕ್ತ.