ಮುಪ್ಪಿನ ಹಸಿವು

ರಾಯಚೂರು ಸೀಮೆಯ ಚಂದ್ರಬಂಡದಂತಹ ಊರುಗಳಲ್ಲಿ, ಪ್ರಾಯದಲ್ಲಿ ಹೊಲಗೆಯ್ದು ಬಂದು ನಾಲ್ಕು ಜೋಳದ ರೊಟ್ಟಿಗಳನ್ನು ಉಣ್ಣುತ್ತಿದ್ದವರೇ ಮುಪ್ಪಿನಲ್ಲಿ ಅರ್ಧ ರೊಟ್ಟಿಗೆ ಕೈತೊಳೆಯುವುದುಂಟು. ಅಡುಗೆ ಸೇರಲಿಲ್ಲವೆಂದು ಸೊಸೆಗೆ ಸಂಕಟ. ಮುದುಕರದು ಹಟವೆಂದು ಮಗನಿಗೆ ಮುನಿಸು. ಇಬ್ಬರ ಎಣಿಕೆಯೂ ಬಹುಮಟ್ಟಿಗೆ ತಪ್ಪು.

ಹಸಿವೆಂಬುದು ಬರಿದಾದ ಹೊಟ್ಟೆಯ ಕೂಗು ಮಾತ್ರವಲ್ಲ. ಜಠರದ ಮೇಲ್ಭಾಗದ ಒಳಪೊರೆಯಲ್ಲಿ ಘ್ರೆಲಿನ್ ಎಂಬ ಅಂತಃಸ್ರಾವವು ಹುಟ್ಟುತ್ತದೆ. ಜಪಾನಿನ ಕೊಜಿಮಾ, ಕಂಗಾವಾ ಎಂಬ ವಿದ್ವಾಂಸರೂ ಅವರ ಸಂಗಡಿಗರೂ ೧೯೯೯ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. ಊಟಕ್ಕೆ ಮುನ್ನ ಇದು ರಕ್ತದಲ್ಲಿ ಏರಿ, ದೂತನಂತೆ ಮೆದುಳಿಗೆ ಸುದ್ದಿ ಮುಟ್ಟಿಸುತ್ತದೆ. ಉಂಡ ಬಳಿಕ ಇಳಿಯುತ್ತದೆ. ವೃದ್ಧರ ರಕ್ತದಲ್ಲಿ ಇದರ ಪ್ರಮಾಣ ಕಡಮೆಯೆಂದು ಅನೇಕ ಪರೀಕ್ಷೆಗಳಲ್ಲಿ ಕಂಡಿದೆ. ಕೆಲವದರಲ್ಲಿ ಭೇದವು ಕಾಣಬಂದಿಲ್ಲ. ಇತ್ತ ಕರುಳಿನಿಂದ ಹೊರಟು ‘ಸಾಕು’ ಎನ್ನಿಸುವ ಕೊಲೆಸಿಸ್ಟೊಕೈನಿನ್ ವೃದ್ಧರಲ್ಲಿ ಹೆಚ್ಚಾಗಿರುತ್ತದೆ. ಉಂಡ ಅನ್ನವು ಜಠರವನ್ನು ಬಿಡುವುದೂ ತಡವಾಗುತ್ತದೆ. ನಮ್ಮ ಆಯುರ್ವೇದಜ್ಞರು ಜಠರಾಗ್ನಿಯನ್ನು ಸಮ, ವಿಷಮ, ತೀಕ್ಷ್ಣ, ಮಂದವೆಂದು ವಿಂಗಡಿಸಿದ್ದರು. ಆ ಅಗ್ನಿಯೇ ಈ ಘ್ರೆಲಿನ್ ಎಂದು ಸಾಧಿಸಹೊರಡುವುದು ಮಾತ್ರ ಪಾಂಡಿತ್ಯವಲ್ಲ.

ಆದುದರಿಂದ ವೃದ್ಧರಿಗೆ ಒಮ್ಮೆಗೇ ತಟ್ಟೆ ತುಂಬ ಬಡಿಸದೆ, ಸ್ವಲ್ಪಸ್ವಲ್ಪವಾಗಿ ದಿನಕ್ಕೆ ನಾಲ್ಕೈದು ಸಲ ಕೊಡುವುದು ಲೇಸು. ರೊಟ್ಟಿಯನ್ನು ಹಾಲಿನಲ್ಲಿಯೋ ಬೇಳೆಯ ಕಟ್ಟಿನಲ್ಲಿಯೋ ನೆನೆಸಿಕೊಟ್ಟು, ಮನೆಯವರು ಜೊತೆಯಲ್ಲಿ ಕುಳಿತು ಉಂಡರೆ ಇನ್ನೂ ಒಳ್ಳೆಯದು. ಆದರೆ ಉಪವಾಸವ್ರತವೇನೂ ಇಲ್ಲದೆ ಆರು ತಿಂಗಳಲ್ಲಿ ಮೈತೂಕವು ನೂರಕ್ಕೆ ೫ರಷ್ಟು ಇಳಿದಿದ್ದರೆ, ವಯಸ್ಸಿನ ಮೇಲೆ ಹೊರಿಸಿ ಸುಮ್ಮನಿರಲಾಗದು. ಹಲ್ಲುನೋವೋ, ಸೇವಿಸುತ್ತಿರುವ ಔಷಧವೋ, ಮನೋವ್ಯಥೆಯೋ, ಒಳಗಿನ ರೋಗವೋ ಕಾರಣವಾಗಿರಬಹುದು. ಅದನ್ನು ವೈದ್ಯರೇ ಪರೀಕ್ಷಿಸಿ ಹೇಳಬೇಕು.