ಕಡಲಿನ ಮೇಲಿನ ಗೆರೆಗಳು: ಸಾಗರ ಸಂಶೋಧನೆ ಮತ್ತು ಅಂತರರಾಷ್ಟ್ರೀಯ ಕಾನೂನು

ಭೂಗೋಳದ ಪಾಠದಲ್ಲಿ ಸಾಗರವೆಂದರೆ ಒಂದೇ ನೀಲಿ ಹರವು. ವಿಜ್ಞಾನದ ಪಾಠದಲ್ಲಿ ಅದು ಉಷ್ಣತೆ, ಲವಣಾಂಶ, ಪ್ರವಾಹಗಳ ವಿಷಯ. ರಾಜ್ಯಶಾಸ್ತ್ರದ ಪಾಠ ಬಹುಮಟ್ಟಿಗೆ ಕರಾವಳಿಯಲ್ಲೇ ನಿಂತುಬಿಡುತ್ತದೆ. ಹೀಗಾಗಿ ‘ಸಮುದ್ರದ ನೀರಿನ ಉಷ್ಣತೆ ಅಳೆಯಲು ಯಾರ ಅನುಮತಿ ಬೇಕು?’ ಎಂಬ ಪ್ರಶ್ನೆ ತರಗತಿಯಲ್ಲಿ ಏಳುವುದು ಅಪರೂಪ. ಸಾಗರ ವಿಜ್ಞಾನಿಗಳಿಗಾದರೋ ಇದು ಪ್ರತಿ ಯಾನದ ಮೊದಲ ಪ್ರಶ್ನೆ. ಈ ಮೂರು ವಿಷಯಗಳನ್ನು ಜೋಡಿಸಿ ಪಾಠ ಮಾಡಬಯಸುವ ಪ್ರಶಿಕ್ಷಣಾರ್ಥಿಗಳಿಗೆ ಬೇಕಾದ ಹಿನ್ನೆಲೆಯನ್ನು ಇಲ್ಲಿ ಕೊಡಲಾಗಿದೆ.

ಗೆರೆಗಳು ಬರುವ ಮುನ್ನ

1959ರಿಂದ 1965ರವರೆಗೆ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಅನ್ವೇಷಣಾ ಯಾನ ನಡೆಯಿತು. ಹತ್ತಕ್ಕೂ ಹೆಚ್ಚು ದೇಶಗಳ 40ಕ್ಕೂ ಹೆಚ್ಚು ಹಡಗುಗಳು ಅದರಲ್ಲಿ ಪಾಲ್ಗೊಂಡವು. ಆಗ ಬಹುತೇಕ ದೇಶಗಳ ಅಧಿಕಾರ ತೀರದಿಂದ ಕೆಲವೇ ಮೈಲಿಗಳವರೆಗೆ ಇತ್ತು. ಅದರಾಚೆಯ ನೀರಿನಲ್ಲಿ ಯಾರು ಬೇಕಾದರೂ ಮಾದರಿ ಸಂಗ್ರಹಿಸಬಹುದಿತ್ತು. ಈ ಯಾನದಿಂದ ಭಾರತಕ್ಕೆ ಪ್ರಯೋಜನವೂ ಆಯಿತು. 1966ರ ಜನವರಿ 1ರಂದು ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಆರಂಭವಾದದ್ದು ಇದರ ಫಲವಾಗಿ. ಇಂದು ಅದರ ಕೇಂದ್ರ ಕಚೇರಿ ಗೋವಾದಲ್ಲಿದೆ.

ಆದರೆ ಈ ಸ್ವಾತಂತ್ರ್ಯಕ್ಕೆ ಇನ್ನೊಂದು ಮುಖವಿತ್ತು. ಹೊಸದಾಗಿ ಸ್ವತಂತ್ರವಾದ ದೇಶಗಳಲ್ಲಿ ಸಂಶೋಧನಾ ಹಡಗುಗಳು ಕಡಿಮೆ. ತಮ್ಮ ಕರಾವಳಿಯ ಮೀನು ಮತ್ತು ತೈಲದ ಬಗ್ಗೆ ತಮಗಿಂತ ಹೊರಗಿನವರಿಗೇ ಹೆಚ್ಚು ತಿಳಿದಿದೆ ಎಂಬ ಆತಂಕ ಅವುಗಳಲ್ಲಿ ಬೆಳೆಯಿತು. ಇಂದಿನ ನಿಯಮಗಳ ಬೇರು ಇರುವುದು ಈ ಆತಂಕದಲ್ಲಿ. ಇದನ್ನು ಹೇಳದೆ ನಿಯಮಗಳನ್ನಷ್ಟೇ ಕಲಿಸಿದರೆ ಕಾನೂನು ವಿಜ್ಞಾನದ ಶತ್ರುವಿನಂತೆ ಕಾಣುತ್ತದೆ.

ದೂರಕ್ಕೆ ತಕ್ಕ ನಿಯಮ

ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದಕ್ಕೆ 1982ರ ಡಿಸೆಂಬರ್ 10ರಂದು ಜಮೈಕಾದ ಮಾಂಟೆಗೊ ಬೇ ಎಂಬಲ್ಲಿ ಸಹಿ ಬಿತ್ತು. 1994ರ ನವೆಂಬರ್ 16ರಂದು ಅದು ಜಾರಿಗೆ ಬಂತು. ಭಾರತ 1995ರಲ್ಲಿ ಅನುಮೋದಿಸಿತು. ಅದರ 13ನೇ ಭಾಗ ಸಂಪೂರ್ಣವಾಗಿ ವೈಜ್ಞಾನಿಕ ಸಂಶೋಧನೆಗೆ ಮೀಸಲು. ಎಲ್ಲ ದೇಶಗಳಿಗೂ ಸಂಶೋಧನೆಯ ಹಕ್ಕಿದೆ ಎಂದೇ ಅದು ಆರಂಭವಾಗುತ್ತದೆ. ನಂತರ ವಲಯಕ್ಕೊಂದು ನಿಯಮ ಹೇಳುತ್ತದೆ.

• ತೀರದ ಆಧಾರರೇಖೆಯಿಂದ 12 ನಾಟಿಕಲ್ ಮೈಲಿವರೆಗೆ, ಎಂದರೆ ಸುಮಾರು 22 ಕಿ.ಮೀ.ವರೆಗೆ, ಪ್ರಾದೇಶಿಕ ಸಮುದ್ರ. ಇಲ್ಲಿ ಕರಾವಳಿ ದೇಶದ ಸ್ಪಷ್ಟ ಒಪ್ಪಿಗೆಯಿಲ್ಲದೆ ಸಂಶೋಧನೆ ಸಾಧ್ಯವಿಲ್ಲ.

• 200 ನಾಟಿಕಲ್ ಮೈಲಿವರೆಗೆ, ಎಂದರೆ ಸುಮಾರು 370 ಕಿ.ಮೀ.ವರೆಗೆ, ಅನನ್ಯ ಆರ್ಥಿಕ ವಲಯ. ಇಲ್ಲಿಯೂ, ಖಂಡಾವರಣ ಪ್ರದೇಶದಲ್ಲಿಯೂ ಒಪ್ಪಿಗೆ ಬೇಕು. ಆದರೆ ಶಾಂತಿಯುತ ಉದ್ದೇಶದ, ಮನುಕುಲದ ಜ್ಞಾನ ಹೆಚ್ಚಿಸುವ ಸಂಶೋಧನೆಗೆ ಸಾಮಾನ್ಯ ಸಂದರ್ಭಗಳಲ್ಲಿ ಒಪ್ಪಿಗೆ ಕೊಡಬೇಕು.

• ಅದರಾಚೆ ಮುಕ್ತ ಸಮುದ್ರ. ಇಲ್ಲಿ ಸಂಶೋಧನೆಗೆ ಯಾವ ದೇಶದ ಒಪ್ಪಿಗೆಯೂ ಬೇಡ.

ಭಾರತ ಈ ಒಪ್ಪಂದಕ್ಕೂ ಮೊದಲೇ, 1976ರ ಕಡಲ ವಲಯಗಳ ಕಾಯಿದೆಯಲ್ಲಿ, ತನ್ನ ಅನನ್ಯ ಆರ್ಥಿಕ ವಲಯದ ಸಂಶೋಧನೆಯನ್ನು ನಿಯಂತ್ರಿಸುವ ಅಧಿಕಾರ ಪಡೆದುಕೊಂಡಿತ್ತು. ಈ ವಲಯದ ವಿಸ್ತಾರ 20 ಲಕ್ಷ ಚದರ ಕಿ.ಮೀ.ಗೂ ಹೆಚ್ಚು. ಜಗತ್ತಿನ ಎಲ್ಲ ದೇಶಗಳ ಇಂಥ ವಲಯಗಳನ್ನು ಸೇರಿಸಿದರೆ ಸಾಗರದ ಮೂರನೇ ಒಂದು ಭಾಗಕ್ಕೂ ಹೆಚ್ಚಾಗುತ್ತದೆ.

ಒಪ್ಪಿಗೆ ಒಂದು ಕೊಡುಕೊಳ್ಳುವಿಕೆ

ಬೇರೆ ದೇಶದ ವಲಯದಲ್ಲಿ ಕೆಲಸ ಮಾಡಬಯಸುವವರು ಕನಿಷ್ಠ 6 ತಿಂಗಳು ಮುಂಚಿತವಾಗಿ ಆರು ವಿವರಗಳನ್ನು ಕೊಡಬೇಕು: ಸಂಶೋಧನೆಯ ಉದ್ದೇಶ, ವಿಧಾನ ಮತ್ತು ಉಪಕರಣ, ನಿಖರವಾದ ಸ್ಥಳ, ಬಂದು ಹೋಗುವ ದಿನಾಂಕ, ಹೊಣೆ ಹೊತ್ತ ಸಂಸ್ಥೆ ಮತ್ತು ವ್ಯಕ್ತಿ, ಕರಾವಳಿ ದೇಶಕ್ಕೆ ಸಿಗುವ ಪಾತ್ರ. ಕರಾವಳಿ ದೇಶದ ವಿಜ್ಞಾನಿಗಳು ಬಯಸಿದರೆ, ಸಾಧ್ಯವಿದ್ದಾಗ, ಅವರನ್ನು ಹಡಗಿಗೆ ಸೇರಿಸಿಕೊಳ್ಳಬೇಕು. ದತ್ತಾಂಶ ಮತ್ತು ಮಾದರಿಗಳನ್ನು ಆ ದೇಶಕ್ಕೂ ಒದಗಿಸಬೇಕು. ಕೇಳಿದರೆ ಅವುಗಳ ಅರ್ಥ ವಿವರಿಸಲು ನೆರವಾಗಬೇಕು.

ಇಡೀ ವಿಷಯದ ತಿರುಳು ಇದೇ. ಒಪ್ಪಿಗೆಗೆ ಪ್ರತಿಯಾಗಿ ಸಲ್ಲಬೇಕಾದದ್ದು ಹಣವಲ್ಲ, ಜ್ಞಾನದ ಪಾಲು. ಹಿಂದಿನ ಯಾನದ ಬಾಧ್ಯತೆ ತೀರಿಸದವರಿಗೆ ಮುಂದಿನ ಒಪ್ಪಿಗೆ ನಿರಾಕರಿಸಲು ಅವಕಾಶವಿರುವುದೂ ಇದೇ ಕಾರಣಕ್ಕೆ.

ತೊಡಕು ಎಲ್ಲಿ?

ಮೊದಲನೆಯದು ಕಾಲ. ಗಂಟೆಗೆ 10 ನಾಟಿಕಲ್ ಮೈಲಿ ಸಾಗುವ ಹಡಗು 200 ಮೈಲಿಯ ವಲಯವನ್ನು 20 ಗಂಟೆಯಲ್ಲಿ ದಾಟುತ್ತದೆ. ಅದಕ್ಕೆ ಅರ್ಜಿ 6 ತಿಂಗಳ ಮೊದಲೇ ಹೋಗಬೇಕು. ವಿವರ ತಲುಪಿದ 4 ತಿಂಗಳೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆ ಸಿಕ್ಕಿದೆಯೆಂದು ಭಾವಿಸಬಹುದೆಂಬ ನಿಯಮವೇನೋ ಇದೆ. ಆದರೆ ಮೌನವನ್ನು ನಂಬಿ ದುಬಾರಿ ಹಡಗನ್ನು ಹೊರಡಿಸುವುದು ಸುಲಭವಲ್ಲ.

ಎರಡನೆಯದು ವಿವೇಚನೆ. ನೈಸರ್ಗಿಕ ಸಂಪನ್ಮೂಲಗಳ ಶೋಧನೆಗೆ ನೇರ ಸಂಬಂಧವಿದ್ದರೆ, ಖಂಡಾವರಣ ಪ್ರದೇಶದಲ್ಲಿ ಕೊರೆಯುವುದಿದ್ದರೆ, ಸ್ಫೋಟಕ ಬಳಸುವುದಿದ್ದರೆ ಕರಾವಳಿ ದೇಶ ಒಪ್ಪಿಗೆ ತಡೆಹಿಡಿಯಬಹುದು. ಈ ತೀರ್ಮಾನವನ್ನು ಅಂತರರಾಷ್ಟ್ರೀಯ ನ್ಯಾಯಾಲಯದ ಮುಂದೆ ಕಡ್ಡಾಯವಾಗಿ ತರುವಂತಿಲ್ಲ.

ಮೂರನೆಯದು ವ್ಯಾಖ್ಯೆ. ‘ಸಾಗರ ವೈಜ್ಞಾನಿಕ ಸಂಶೋಧನೆ’ ಎಂದರೇನೆಂದು ಒಪ್ಪಂದ ಹೇಳುವುದೇ ಇಲ್ಲ. 2009ರ ಮಾರ್ಚ್‌ನಲ್ಲಿ ಚೀನಾದ ಹೈನಾನ್ ದ್ವೀಪದ ದಕ್ಷಿಣಕ್ಕೆ ಅಮೆರಿಕದ ಸಮೀಕ್ಷಾ ಹಡಗು ಇಂಪೆಕ್ಕಬಲ್ ಅನ್ನು ಚೀನಾದ ಹಡಗುಗಳು ಅಡ್ಡಗಟ್ಟಿದಾಗ ಇದೇ ವಾದ ಎದ್ದಿತು. ಅನುಮತಿ ಬೇಕಿತ್ತೆಂದು ಚೀನಾ, ಅನನ್ಯ ಆರ್ಥಿಕ ವಲಯದಲ್ಲಿ ಇಂಥ ಕೆಲಸಕ್ಕೆ ಸ್ವಾತಂತ್ರ್ಯವಿದೆಯೆಂದು ಅಮೆರಿಕ. ಒಂದೇ ಉಪಕರಣ ತಿಮಿಂಗಿಲದ ದನಿಯನ್ನೂ ಕೇಳಬಲ್ಲದು, ಜಲಾಂತರ್ಗಾಮಿಯ ಸದ್ದನ್ನೂ ಕೇಳಬಲ್ಲದು.

ತೇಲಿಬರುವ ಉಪಕರಣ

ಒಪ್ಪಂದ ಬರೆದವರ ಕಣ್ಣ ಮುಂದೆ ಇದ್ದದ್ದು ಹಡಗು. ನಂತರ ಬಂದದ್ದು ಆರ್ಗೊ ತೇಲುಯಂತ್ರ. ಇಂಥ ಸುಮಾರು 4,000 ಯಂತ್ರಗಳು ಜಗತ್ತಿನ ಸಾಗರಗಳಲ್ಲಿವೆ. ಪ್ರತಿಯೊಂದೂ ಸಾಮಾನ್ಯವಾಗಿ 1,000 ಮೀಟರ್ ಆಳದಲ್ಲಿ ಪ್ರವಾಹದೊಡನೆ ಸಾಗುತ್ತದೆ. 10 ದಿನಕ್ಕೊಮ್ಮೆ 2,000 ಮೀಟರ್‌ಗೆ ಇಳಿದು, ಉಷ್ಣತೆ ಮತ್ತು ಲವಣಾಂಶ ಅಳೆಯುತ್ತ ಮೇಲೆ ಬಂದು, ಉಪಗ್ರಹಕ್ಕೆ ಮಾಹಿತಿ ಕಳಿಸುತ್ತದೆ. ಅದು ಯಾವ ದೇಶದ ವಲಯಕ್ಕೆ ಹೋಗುತ್ತದೆಂದು 6 ತಿಂಗಳ ಮೊದಲು ಯಾರೂ ಹೇಳಲಾರರು.

ಯುನೆಸ್ಕೊದ ಅಂತರಸರ್ಕಾರಿ ಸಾಗರ ವಿಜ್ಞಾನ ಆಯೋಗ ಇದಕ್ಕೆ ನಡುದಾರಿ ಹುಡುಕಿತು. ಯಂತ್ರ ತಮ್ಮ ವಲಯ ಪ್ರವೇಶಿಸುವ ಸಾಧ್ಯತೆಯಿದ್ದರೆ ಕರಾವಳಿ ದೇಶಗಳಿಗೆ ಮುನ್ಸೂಚನೆ ಕೊಡಬೇಕೆಂದು 1999ರಲ್ಲಿ ನಿರ್ಣಯಿಸಿತು. 2008ರಲ್ಲಿ ಮಾರ್ಗಸೂಚಿ ರೂಪಿಸಿತು. ಸಂಪನ್ಮೂಲಕ್ಕೆ ನೇರ ಸಂಬಂಧಿಸಿದ ಮಾಹಿತಿಯನ್ನು ಬಹಿರಂಗಪಡಿಸಬೇಡಿ ಎಂದು ಕೇಳುವ ಅವಕಾಶವೂ ಕರಾವಳಿ ದೇಶಕ್ಕಿದೆ. ಉಳಿದಂತೆ ಆರ್ಗೊ ದತ್ತಾಂಶ ಎಲ್ಲರಿಗೂ ಮುಕ್ತ. ಭಾರತದಲ್ಲಿ ಈ ಕೆಲಸ ನೋಡಿಕೊಳ್ಳುವುದು ಹೈದರಾಬಾದಿನ ಇಂಕಾಯ್ಸ್ ಸಂಸ್ಥೆ.

ಇದರಿಂದ ನಮಗೇನು? ಮುಂಗಾರಿಗೆ ಮುನ್ನ, ಮೇ ತಿಂಗಳಲ್ಲಿ, ಆಗ್ನೇಯ ಅರಬ್ಬೀ ಸಮುದ್ರದ ಮೇಲ್ಮೈ ನೀರಿನ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಬಿಸಿ ಎಷ್ಟು ಆಳದವರೆಗಿದೆ ಎಂಬುದು ಉಪಗ್ರಹಕ್ಕೆ ಕಾಣದು. ನೀರಿಗಿಳಿದ ಉಪಕರಣವೇ ಹೇಳಬೇಕು. ಅರಬ್ಬೀ ಸಮುದ್ರದ ಸುತ್ತ ಹಲವು ದೇಶಗಳ ವಲಯಗಳಿವೆ. ಒಂದೆಡೆ ಅಳತೆ ನಿಂತರೆ ಆ ಕೊರತೆ ಎಲ್ಲರ ಮುನ್ಸೂಚನೆಗೂ ತಟ್ಟುತ್ತದೆ.

ಮುಕ್ತ ಸಮುದ್ರದಲ್ಲೂ ಈಗ ಹೊಣೆ ಹೆಚ್ಚಿದೆ. 2023ರ ಜೂನ್‌ನಲ್ಲಿ ಅಂಗೀಕಾರವಾಗಿ 2026ರ ಜನವರಿ 17ರಿಂದ ಜಾರಿಯಾದ ಜೀವವೈವಿಧ್ಯ ಒಪ್ಪಂದದಂತೆ, ಅಲ್ಲಿ ಸಂಗ್ರಹಿಸುವ ಜೀವಿಗಳ ಆನುವಂಶಿಕ ಸಂಪನ್ಮೂಲದ ಮಾಹಿತಿಯನ್ನು ಮೊದಲೇ ತಿಳಿಸಬೇಕು, ಲಾಭ ಹಂಚಿಕೊಳ್ಳಬೇಕು. ಜ್ಞಾನದ ಪಾಲಿನ ತತ್ವವೇ ಇಲ್ಲಿಗೂ ವಿಸ್ತರಿಸಿದೆ.

ತರಗತಿಯಲ್ಲಿ

1. ಪದಬಳಕೆ: ‘ವಿಶೇಷ ಆರ್ಥಿಕ ವಲಯ’ ಎಂದರೆ ಕೈಗಾರಿಕಾ ವಲಯವೆಂದು ಮಕ್ಕಳು ತಿಳಿಯಬಹುದು. ‘ಅನನ್ಯ ಆರ್ಥಿಕ ವಲಯ’ ಎಂದೇ ಬಳಸಿ.

2. ನಕ್ಷೆ ಚಟುವಟಿಕೆ: ಪಶ್ಚಿಮ ಕರಾವಳಿಯ ನಕ್ಷೆಯಲ್ಲಿ, ಅಳತೆಗೋಲಿನ ನೆರವಿನಿಂದ, 12 ಮತ್ತು 200 ನಾಟಿಕಲ್ ಮೈಲಿಯ ಗೆರೆ ಎಳೆಸಿ. ಲಕ್ಷದ್ವೀಪದ ಸುತ್ತಲೂ ಎಳೆದಾಗ ಭಾರತದ ವಲಯ ಎಷ್ಟು ಹಿಗ್ಗುತ್ತದೆಂದು ಮಕ್ಕಳೇ ಗುರುತಿಸಲಿ.

3. ಪಾತ್ರಾಭಿನಯ: ಒಂದು ಗುಂಪು ಸಂಶೋಧನಾ ಸಂಸ್ಥೆ, ಇನ್ನೊಂದು ಕರಾವಳಿ ದೇಶ. ಮೊದಲ ಗುಂಪು ಆರು ವಿವರಗಳ ಅರ್ಜಿ ಬರೆಯಲಿ. ಎರಡನೆಯದು ಕಾರಣಸಹಿತ ಉತ್ತರಿಸಲಿ. ನಂತರ ಪಾತ್ರ ಬದಲಾಯಿಸಿ. ಒಂದೇ ಪಕ್ಷದ ವಾದ ಕೇಳಿ ಪಾಠ ಮುಗಿಯಬಾರದು.

4. ಮೌಲ್ಯಮಾಪನ: (ಅ) ಹಡಗಿಗೂ ತೇಲುಯಂತ್ರಕ್ಕೂ ಒಂದೇ ನಿಯಮ ಅನ್ವಯಿಸುವುದು ಏಕೆ ಕಷ್ಟ? (ಆ) ಹಡಗಿಲ್ಲದ ದೇಶಕ್ಕೆ ಒಪ್ಪಿಗೆಯ ಹಕ್ಕು ಏಕೆ ಮುಖ್ಯ? (ಇ) ದತ್ತಾಂಶ ಹಂಚಿಕೊಳ್ಳದೆ ಒಪ್ಪಿಗೆಯನ್ನಷ್ಟೇ ಪಡೆದರೆ ಆಗುವ ನಷ್ಟ ಯಾರದು?