ಲೆಕ್ಕ ಸರಿ, ಊಹೆ ಯಾರದ್ದು?

ಪದವಿ ಪರೀಕ್ಷೆಗಳು ಮುಗಿಯುತ್ತಿದ್ದಂತೆ ಕಾರ್ಪೊರೇಟ್ ಫೈನಾನ್ಸ್ ಬೇಸಿಗೆ ಕೋರ್ಸುಗಳ ಜಾಹೀರಾತುಗಳು ವಿದ್ಯಾರ್ಥಿಗಳ ಮೊಬೈಲಿಗೆ ಬಂದು ಬೀಳತೊಡಗುತ್ತವೆ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ 1989ರಿಂದಲೇ ಬೇಸಿಗೆ ಶಾಲೆ ನಡೆಸಿಕೊಂಡು ಬಂದಿದೆ. ಅಲ್ಲಿ ಒಂದು ಕೋರ್ಸಿಗೆ ಮೂರು ವಾರ. ನಮ್ಮಲ್ಲೂ ಕಾಲೇಜುಗಳು, ಆನ್‌ಲೈನ್ ತರಬೇತಿಯವರು ಅದೇ ಜಾಡು ಹಿಡಿದಿದ್ದಾರೆ. ಹೆಸರು ಎಷ್ಟೇ ಭಾರವಿರಲಿ, ವಿಷಯದ ಒಳಗಿರುವುದು ಮೂರು ಪ್ರಶ್ನೆ: ಕಂಪನಿ ದುಡ್ಡನ್ನು ಎಲ್ಲಿಂದ ತರಬೇಕು, ಯಾವುದಕ್ಕೆ ಹಾಕಬೇಕು, ಲಾಭ ಬಂದರೆ ಷೇರುದಾರರಿಗೆ ಹಂಚಬೇಕೋ ಉಳಿಸಿಕೊಳ್ಳಬೇಕೋ. ಎಂಬಿಎಯಲ್ಲಿ ಇದಕ್ಕೆ ಸೆಮಿಸ್ಟರ್‌ಗಟ್ಟಲೆ ಸಮಯ ಕೊಡುತ್ತಾರೆ. ಬೇಸಿಗೆ ಕೋರ್ಸಿನಲ್ಲಿ ಅದೇ ಪಠ್ಯವನ್ನು ಮೂರು ವಾರಕ್ಕೆ ತುರುಕಿದಾಗ ವಿದ್ಯಾರ್ಥಿಯ ಕೈಗೆ ಸಿಗುವುದು ಸೂತ್ರಗಳ ಪಟ್ಟಿ ಮತ್ತು ಒಂದು ಸರ್ಟಿಫಿಕೇಟು. ಸೂತ್ರಗಳು ಎಕ್ಸೆಲ್‌ಗೆ ಆಗಲೇ ಗೊತ್ತಿವೆ. ಅಷ್ಟು ಕಡಿಮೆ ಸಮಯದಲ್ಲಿ ಕಲಿಸಲು ಯೋಗ್ಯವಾದದ್ದು ಒಂದೇ ಎಂದು ನನಗನಿಸುತ್ತದೆ: ಕಣ್ಣೆದುರಿನ ಅಂಕಿ ಯಾವ ಊಹೆಯ ಮೇಲೆ ನಿಂತಿದೆ, ಆ ಊಹೆ ಮಾಡಿದವರು ಯಾರು ಎಂದು ಹುಡುಕುವ ಅಭ್ಯಾಸ.

ಗಂಗಾವತಿಯ ಕಡೆಯ ಒಂದು ಅಕ್ಕಿ ಗಿರಣಿಯನ್ನು ಕಲ್ಪಿಸಿಕೊಳ್ಳಿ. ಕಪ್ಪು ಕಾಳು, ಕಲ್ಲು ಆರಿಸುವ ಸಾರ್ಟೆಕ್ಸ್ ಯಂತ್ರಕ್ಕೆ ಮಾಲೀಕರು ಹತ್ತು ಲಕ್ಷ ಹಾಕಬೇಕೆಂದಿದ್ದಾರೆ. ಅದರಿಂದ ವರ್ಷಕ್ಕೆ ಮೂರು ಲಕ್ಷ ಹೆಚ್ಚುವರಿ ಕೈಸೇರುತ್ತದೆ, ಯಂತ್ರ ಐದು ವರ್ಷ ಬಾಳುತ್ತದೆ ಎಂದಿಟ್ಟುಕೊಳ್ಳೋಣ. ಬಾಯಿಲೆಕ್ಕದಲ್ಲಿ ಹತ್ತು ಹಾಕಿ ಹದಿನೈದು ತೆಗೆದಂತಾಯಿತು. ಆದರೆ ಐದನೇ ವರ್ಷ ಬರುವ ಮೂರು ಲಕ್ಷ ಇವತ್ತಿನ ಮೂರು ಲಕ್ಷಕ್ಕೆ ಸಮವಲ್ಲ. ಶೇ. 12ರ ದರ ಹಿಡಿದು ಇಂದಿನ ಮೌಲ್ಯಕ್ಕೆ ಇಳಿಸಿದರೆ ಹದಿನೈದು ಲಕ್ಷ 10.81 ಲಕ್ಷಕ್ಕೆ ಇಳಿಯುತ್ತದೆ. ಕೊಳ್ಳಬಹುದು. ದರ ಶೇ. 16 ಎಂದು ಹಿಡಿದರೆ 9.82 ಲಕ್ಷ, ಕೊಂಡರೆ ನಷ್ಟ. ದರ ಶೇ. 12ರಲ್ಲೇ ಇಟ್ಟು, ಯಂತ್ರ ನಾಲ್ಕೇ ವರ್ಷಕ್ಕೆ ಕೆಟ್ಟರೆ 9.11 ಲಕ್ಷ, ನಷ್ಟ ಇನ್ನೂ ಹೆಚ್ಚು. ಮೂರೂ ಲೆಕ್ಕ ಸರಿಯೇ. ಹಾಗಿದ್ದರೆ ದರವನ್ನು ಎಷ್ಟು ಹಿಡಿಯಬೇಕು? ಬ್ಯಾಂಕಿನ ಸಾಲದ ಬಡ್ಡಿಯೇ ಸಾಕೇ, ಅಥವಾ ಮಾಲೀಕರು ಹಾಕುವ ಸ್ವಂತ ದುಡ್ಡಿಗೂ ಬೆಲೆ ಕಟ್ಟಬೇಕೇ? ವರ್ಷಕ್ಕೆ ಮೂರು ಲಕ್ಷ ಬರುತ್ತದೆ ಎಂದವರು ಯಾರು, ಯಂತ್ರ ಮಾರಲು ಬಂದ ಏಜೆಂಟನೇ? ಪಾಠ ಶುರುವಾಗಬೇಕಾದದ್ದು ಇಲ್ಲಿ. ಬಹುಪಾಲು ತರಗತಿಗಳಲ್ಲಿ ಅದು ಇಲ್ಲಿಗೇ ಮುಗಿಯುತ್ತದೆ, ಏಕೆಂದರೆ ಪ್ರಶ್ನೆಪತ್ರಿಕೆಯಲ್ಲಿ ದರವನ್ನು ಮೊದಲೇ ಅಚ್ಚು ಹಾಕಿರುತ್ತಾರೆ. ಲಾಭ ಎಂದರೆ ಕೈಯಲ್ಲಿರುವ ದುಡ್ಡು ಎಂಬುದೂ ಒಂದು ಊಹೆಯೇ ಎಂದು ಅದೇ ಗಿರಣಿ ತೋರಿಸುತ್ತದೆ. ಸುಗ್ಗಿಯಲ್ಲಿ ಭತ್ತಕ್ಕೆ ಬೇಗ ದುಡ್ಡು ಕೊಡಬೇಕು, ಅಕ್ಕಿ ಮಾತ್ರ ವರ್ಷವಿಡೀ ಉದ್ರಿಯಲ್ಲಿ ಹೋಗುತ್ತದೆ. ಪುಸ್ತಕದಲ್ಲಿ ಲಾಭ ಇದ್ದೂ ಹಮಾಲರಿಗೆ ಕೊಡಲು ಕಾಸಿಲ್ಲದ ದಿನ ಬರಬಹುದು. ಗಿರಣಿಗಳು ಸಿಸಿ (ಕ್ಯಾಶ್ ಕ್ರೆಡಿಟ್) ಲೋನ್ ಮಾಡಿಕೊಳ್ಳುವುದು ಇದಕ್ಕೇ.

ಊಹೆ ಕೈಕೊಟ್ಟಾಗ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನಲ್ಲೇ ಒಂದು ಉದಾಹರಣೆ ಇದೆ. ಕಿಂಗ್‌ಫಿಷರ್ ಏರ್‌ಲೈನ್ಸ್ 2005ರ ಮೇ ತಿಂಗಳಲ್ಲಿ ಹಾರಾಟ ಶುರು ಮಾಡಿ 2012ರ ಅಕ್ಟೋಬರಿನಲ್ಲಿ ನಿಲ್ಲಿಸಿತು. ನಡುವೆ ಒಂದು ವರ್ಷವೂ ಲಾಭ ಕಾಣಲಿಲ್ಲ. ಬಡ್ಡಿ ಸೇರಿ ಬ್ಯಾಂಕುಗಳಿಗೆ ಬರಬೇಕಾದ ಬಾಕಿ ಸುಮಾರು 9,000 ಕೋಟಿ ರೂಪಾಯಿಗೆ ಮುಟ್ಟಿತು. ಆ ಸಾಲಕ್ಕೆ ಅಡವಿಟ್ಟ ಆಸ್ತಿಗಳಲ್ಲಿ ವಿಮಾನ ಸಂಸ್ಥೆಯ ಹೆಸರು ಮತ್ತು ಲಾಂಛನವೂ ಇದ್ದವು. ಒಂದು ಕಾಲದಲ್ಲಿ ಅವುಗಳಿಗೆ ಸಾವಿರಾರು ಕೋಟಿ ಬೆಲೆ ಕಟ್ಟಲಾಗಿತ್ತು. 2016ರ ಏಪ್ರಿಲ್‌ನಲ್ಲಿ ಬ್ಯಾಂಕುಗಳು ಅವನ್ನು 366.70 ಕೋಟಿ ರೂಪಾಯಿ ಕನಿಷ್ಠ ಬೆಲೆಗೆ ಹರಾಜಿಗಿಟ್ಟಾಗ ಒಬ್ಬರೂ ಕೂಗಲಿಲ್ಲ. ಮೌಲ್ಯಮಾಪನದಲ್ಲಿ ಕೂಡಿಸುವ ಕಳೆಯುವ ತಪ್ಪು ಇತ್ತೆಂದು ಯಾರೂ ಹೇಳುವುದಿಲ್ಲ. ವಿಮಾನ ಹಾರುತ್ತಲೇ ಇರುತ್ತದೆ ಎಂಬ ಊಹೆ ಅದರ ಅಡಿಗಿತ್ತು. ಸಾಲಗಾರ ಕಂತು ಕಟ್ಟುವವರೆಗೆ ಈ ಅಡವಿಗೆ ಬೆಲೆ ಇತ್ತು, ಆಗ ಬ್ಯಾಂಕಿಗೆ ಅದು ಬೇಕಿರಲಿಲ್ಲ. ಕಂತು ನಿಂತು ಅದು ಬೇಕಾದ ದಿನ ಬೆಲೆಯೂ ಇಲ್ಲವಾಗಿತ್ತು. ಜಮೀನು ಅಡವಿಟ್ಟ ರೈತನ ಸಾಲದಲ್ಲಿ ಹೀಗಾಗುವುದಿಲ್ಲ. ಬೆಳೆ ಹೋದರೂ ನೆಲ ಇರುತ್ತದೆ. ಈ ವ್ಯತ್ಯಾಸ ಅರ್ಥವಾಗಲು ಕಾಮರ್ಸ್ ಓದಿರಬೇಕಿಲ್ಲ.

ಸಾಲ ಬೇಡ, ಷೇರೇ ಸಾಕು ಎಂದರೆ ಅದೂ ಪೂರ್ತಿ ಉತ್ತರವಲ್ಲ. 1981ರಲ್ಲಿ ಹತ್ತು ಸಾವಿರ ರೂಪಾಯಿಯಿಂದ ಶುರುವಾದ ಇನ್ಫೋಸಿಸ್ 1993ರಲ್ಲಿ ಷೇರಿಗೆ 95 ರೂಪಾಯಿಯಂತೆ ಜನರ ಮುಂದೆ ಬಂದಾಗ ಷೇರುಗಳು ಪೂರ್ತಿ ಹೋಗಲಿಲ್ಲ. ಅಮೆರಿಕದ ಹೂಡಿಕೆ ಬ್ಯಾಂಕ್ ಮಾರ್ಗನ್ ಸ್ಟ್ಯಾನ್ಲಿ ಕೈಹಿಡಿಯಿತು. ಎಂಜಿನಿಯರುಗಳ ಬುದ್ಧಿಯೇ ಬಂಡವಾಳವಾದ ಕಂಪನಿಗೆ ಅಡವಿಡಲು ಹೆಚ್ಚೇನೂ ಇರುವುದಿಲ್ಲ, ಹಾಗಾಗಿ ಪಾಲು ಮಾರುವುದು ಸಹಜ ದಾರಿ. ಸಾಲ-ಷೇರುಗಳ ಈ ಚರ್ಚೆಗೆ ಬುನಾದಿ ಹಾಕಿದವರು ಫ್ರಾಂಕೊ ಮೊದಿಲಿಯಾನಿ ಮತ್ತು ಮರ್ಟನ್ ಮಿಲ್ಲರ್. ತೆರಿಗೆ, ದಿವಾಳಿಯ ಖರ್ಚು ಇತ್ಯಾದಿ ಯಾವುದೂ ಇಲ್ಲದ ಲೋಕದಲ್ಲಿ ಸಾಲವೋ ಷೇರೋ ಎಂಬುದರಿಂದ ಕಂಪನಿಯ ಮೌಲ್ಯ ಬದಲಾಗದು ಎಂದು ಅವರು 1958ರಲ್ಲಿ ತೋರಿಸಿದರು. ಅಂಥ ಲೋಕ ಎಲ್ಲೂ ಇಲ್ಲವಲ್ಲ ಎಂದು ವಿದ್ಯಾರ್ಥಿಗಳು ನಗುತ್ತಾರೆ. ಆದರೆ ಆ ಪ್ರಮೇಯದ ಉಪಯೋಗವೇ ಅದು: ನಿಜಜೀವನದಲ್ಲಿ ಸಾಲ ಯಾರಿಗೋ ಲಾಭವೋ ನಷ್ಟವೋ ತಂದಿದ್ದರೆ, ಆ ಊಹೆಗಳಲ್ಲಿ ಯಾವುದು ಮುರಿದಿದೆ ಎಂದು ನೋಡಬೇಕು. ಇಡೀ ಶಾಸ್ತ್ರ ನಿಂತಿರುವುದು ಊಹೆಗಳ ಪಟ್ಟಿಯ ಮೇಲೆ ಎಂದಮೇಲೆ ಆ ಪಟ್ಟಿಯನ್ನೇ ಬಿಟ್ಟು ಸೂತ್ರ ಬಾಯಿಪಾಠ ಮಾಡಿಸುವುದು ವಿಚಿತ್ರ.

ಅರೆಬರೆ ಕಲಿತವರು ಅಪಾಯಕಾರಿ, ಮೂರು ವಾರದ ಓದು ನಂಬಿ ಷೇರುಪೇಟೆಗೆ ಇಳಿದರೆ ಮನೆ ಮುಳುಗುತ್ತದೆ ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿದೆ, ಸೂತ್ರ ಮಾತ್ರ ಕಲಿಸುವ ಕೋರ್ಸಿಗಂತೂ ನೂರಕ್ಕೆ ನೂರು ಅನ್ವಯಿಸುತ್ತದೆ. ಎರಡು ದಶಮಾಂಶದವರೆಗೆ ಬಂದ ಉತ್ತರ ಕಲಿತವರಿಗೆ ಇಲ್ಲದ ಧೈರ್ಯ ಕೊಡುತ್ತದೆ. ಅನುಮಾನಿಸಲು ಕಲಿತವರು ಸಾಮಾನ್ಯವಾಗಿ ದುಡ್ಡು ಹಾಕಲು ಅವಸರ ಮಾಡುವುದಿಲ್ಲ. ಪೂರ್ತಿ ಕಲಿತವರೂ ಮೋಸ ಹೋದ ಕಥೆ ಗೊತ್ತಿರುವುದೇ. 2009ರ ಜನವರಿ 7ರಂದು ಐಟಿ ಕಂಪನಿ ಸತ್ಯಂನ ಅಧ್ಯಕ್ಷ ರಾಮಲಿಂಗ ರಾಜು ಬರೆದ ಪತ್ರದ ಪ್ರಕಾರ, ಲೆಕ್ಕಪತ್ರದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಠೇವಣಿಯಲ್ಲಿ 5,040 ಕೋಟಿ ಇರಲೇ ಇಲ್ಲ. ಬರಬೇಕಾದ ಬಡ್ಡಿ ಎಂದು ಬರೆದುಕೊಂಡಿದ್ದ 376 ಕೋಟಿಯೂ ಸುಳ್ಳು. ಅದಕ್ಕೆ ಕೆಲವೇ ತಿಂಗಳ ಹಿಂದೆ ಉತ್ತಮ ಆಡಳಿತಕ್ಕಾಗಿ ಆ ಕಂಪನಿಗೆ ಗೋಲ್ಡನ್ ಪೀಕಾಕ್ ಪ್ರಶಸ್ತಿ ಸಂದಿತ್ತು. ಬೇಸಿಗೆ ಕೋರ್ಸು ಮಾಡಿದ ಹುಡುಗಿಯೊಬ್ಬಳು ಈ ಮೋಸವನ್ನು ಹಿಡಿಯುತ್ತಿದ್ದಳು ಎಂದರೆ ಅತಿಯಾದೀತು. ಇಷ್ಟು ನಗದು ಯಾವ ಬ್ಯಾಂಕಿನಲ್ಲಿದೆ, ಖಚಿತಪಡಿಸಿದವರು ಯಾರು, ಕೂಡಿಟ್ಟದ್ದು ಯಾವ ಉದ್ದೇಶಕ್ಕೆ ಎಂದು ಕೇಳುವಷ್ಟನ್ನು ಅವಳಿಗೆ ಕಲಿಸಬಹುದು. ಬಿಎ, ಬಿಎಸ್ಸಿಯವರಿಗೆ ಇದೆಲ್ಲ ಯಾಕೆ ಎಂಬ ಇನ್ನೊಂದು ಆಕ್ಷೇಪಕ್ಕೆ ಚಿಕ್ಕ ಉತ್ತರ ಸಾಕು: ಅವರೂ ಸಂಬಳಕ್ಕಾಗಿ ಒಂದು ಕಂಪನಿಯನ್ನು ನಂಬುತ್ತಾರೆ, ಅವರ ಭವಿಷ್ಯನಿಧಿಯ ದುಡ್ಡೂ ಎಲ್ಲೋ ಒಂದು ಬಾಂಡಿನಲ್ಲಿರುತ್ತದೆ. ಅಂಥ ಬಾಂಡುಗಳನ್ನು ಹೊರಡಿಸಿ, 2018ರಲ್ಲಿ ಸಾಲ ತೀರಿಸಲಾಗದೆ ಕುಸಿದ ಮೂಲಸೌಕರ್ಯ ಹಣಕಾಸು ಸಂಸ್ಥೆ ಐಎಲ್‌ಎಫ್‌ಎಸ್‌ಗೆ ಕೆಲವೇ ವಾರ ಮುಂಚಿನವರೆಗೆ ಅತ್ಯುನ್ನತ ರೇಟಿಂಗ್ ಇತ್ತು. ದುಡ್ಡು ಹಿಂತಿರುಗಲು ವರ್ಷಗಟ್ಟಲೆ ಬೇಕಾದ ರಸ್ತೆ ಕಾಮಗಾರಿಗಳಿಗೆ ಅದು ಅಲ್ಪಾವಧಿ ಸಾಲವನ್ನೂ ನೆಚ್ಚಿಕೊಂಡಿತ್ತು.

ಇದೆಲ್ಲ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುವಾಗ ಫೀಸು ಕಟ್ಟಿ ಕೂರಬೇಕೇ ಎಂಬ ಪ್ರಶ್ನೆ ಮಾತ್ರ ನಿಜವಾಗಿಯೂ ಗಟ್ಟಿ. ಬೆಂಗಳೂರಿನ ಐಐಎಂನಲ್ಲಿ ಓದಿ, ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಕಲಿಸುವ ಅಶ್ವತ್ಥ್ ದಾಮೋದರನ್ ತಮ್ಮ ಕಾರ್ಪೊರೇಟ್ ಫೈನಾನ್ಸ್ ತರಗತಿಗಳನ್ನು ಯಾರು ಬೇಕಾದರೂ ನೋಡಲೆಂದು ತೆರೆದಿಟ್ಟಿದ್ದಾರೆ. ಅವರಿಗಿಂತ ಚೆನ್ನಾಗಿ ಸೂತ್ರ ವಿವರಿಸುವವರು ನಮ್ಮ ಬೇಸಿಗೆ ಕೋರ್ಸುಗಳಲ್ಲಿ ಎಷ್ಟು ಮಂದಿ ಸಿಕ್ಕಾರು? ತರಗತಿಯಲ್ಲಿ ಸಿಗಬಹುದಾದ, ವಿಡಿಯೋದಲ್ಲಿ ಸಿಗದ ಒಂದೇ ವಸ್ತು ಎದುರಾಡುವ ಮನುಷ್ಯ. ನೀವು ಬೆಳವಣಿಗೆ ಶೇ. 15 ಎಂದು ಬರೆದಿರಿ, ಯಾಕೆ ಎಂದು ಎಲ್ಲರ ಮುಂದೆ ಕೇಳುವ ಮೇಷ್ಟ್ರು, ಒಪ್ಪದೆ ಕೈಯೆತ್ತುವ ಸಹಪಾಠಿ. ಲಿಸ್ಟೆಡ್ ಕಂಪನಿಗಳ ವಾರ್ಷಿಕ ವರದಿಗಳು ಅವುಗಳ ವೆಬ್‌ಸೈಟಿನಲ್ಲೇ ಇರುತ್ತವೆ. ಒಂದನ್ನು ತೆಗೆದುಕೊಂಡು ಮೂರು ವಾರವೂ ಅದನ್ನೇ ಬಿಡಿಸಬಹುದು, ಚರ್ಚೆ ಕನ್ನಡದಲ್ಲಿ ನಡೆದರೆ ಹಿಂದಿನ ಬೆಂಚೂ ಬಾಯಿಬಿಡುತ್ತದೆ. ಪರೀಕ್ಷೆ ಇಡಲೇಬೇಕೆಂದಿದ್ದರೆ, ಲೆಕ್ಕ ಮಾಡಿ ಮುಗಿಸಿದ ಒಂದು ಮೌಲ್ಯಮಾಪನವನ್ನೇ ಕೈಗೆ ಕೊಡಲಿ: ಇದರಲ್ಲಿ ಒಂದೇ ಒಂದು ಅಂಕಿ ಬದಲಿಸಿ ಕಂಪನಿಯ ಬೆಲೆಯನ್ನು ಅರ್ಧಕ್ಕಿಳಿಸಿ, ಆ ಅಂಕಿಯನ್ನು ಯಾರು ಕೊಟ್ಟರು ಎಂದೂ ಬರೆಯಿರಿ.